ಫೈಲಿನಲ್ಲೇ ಉಳಿದ ಅಮ್ಮನ ಕಾಗದಗಳು: ದಾಖಲೆ ಇಟ್ಟುಕೊಂಡವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರಕ್ಕೆ ಒಂದೇ ವಿಳಾಸ ಇಲ್ಲ. ಒಂದು ಸಮುದಾಯದ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಹೋದ ಕಾಲದ ಫೈಲುಗಳು ಇವತ್ತಿಗೂ ಹಲವು ದೇಶಗಳಲ್ಲಿ ಕಪಾಟಿನೊಳಗೆ ಇವೆ. ಕೆಲವು ಸರ್ಕಾರದ ಹತ್ತಿರ, ಕೆಲವು ಚರ್ಚುಗಳ ಹತ್ತಿರ, ಇನ್ನು ಕೆಲವು ಮಕ್ಕಳ ಆಶ್ರಮ ನಡೆಸಿದ ಸಂಸ್ಥೆಗಳ ಹತ್ತಿರ. ಆ ಕಪಾಟಿನ ಬೀಗದ ಕೈ ಯಾರ ಬಳಿ ಇದೆಯೋ ಅವರಿಗೆ ಬರೆಯುತ್ತಿದ್ದೇನೆ. ಅಲ್ಪಸಂಖ್ಯಾತ ಸಮುದಾಯಗಳ ಸಂಸಾರದ ಬಗ್ಗೆ ವರದಿ ಬರೆಯುವ ಅಧಿಕಾರಿಗಳಿಗೂ ಇದೇ ಪತ್ರ.

ಒಂದು ರಿಜಿಸ್ಟರಿನಿಂದ ಶುರು ಮಾಡುತ್ತೇನೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಮೂಲನಿವಾಸಿಗಳ ಮೇಲೆ ಒಂದು ಸರ್ಕಾರಿ ಮಂಡಳಿ ಇತ್ತು. ಮಗುವನ್ನು ತಂದೆತಾಯಿಯಿಂದ ಬಿಡಿಸಬೇಕಾದರೆ 1909ರ ಕಾನೂನಿನ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿತ್ತು. 1915ರಲ್ಲಿ ತಿದ್ದುಪಡಿ ಬಂತು. ಆಮೇಲೆ ಕೋರ್ಟೂ ಬೇಡ, ಸಾಕ್ಷಿಯೂ ಬೇಡ. ಮಗುವಿಗೆ ಒಳ್ಳೆಯದು ಅಂತ ಮಂಡಳಿಗೆ ಅನ್ನಿಸಿದರೆ ಸಾಕು. ಹಾಗೆ ಒಯ್ದ ಮಕ್ಕಳ ದಾಖಲೆಯಲ್ಲಿ 'ವಶಕ್ಕೆ ತೆಗೆದುಕೊಳ್ಳಲು ಕಾರಣ' ಅಂತ ಒಂದು ಅಂಕಣ. ಇತಿಹಾಸಕಾರ ಪೀಟರ್ ರೀಡ್ ಆ ದಾಖಲೆಗಳನ್ನು ಕೂತು ಓದಿದರು. ಕೆಲವು ಮಕ್ಕಳ ಹೆಸರಿನ ಮುಂದೆ ಆ ಅಂಕಣದಲ್ಲಿ ಇದ್ದದ್ದು ಇಷ್ಟೇ: ಮೂಲನಿವಾಸಿ ಆಗಿರುವುದಕ್ಕೆ.

ಕುಡಿತ ಅಂತ ಬರೆದಿಲ್ಲ. ಹೊಡೆತ ಅಂತ ಬರೆದಿಲ್ಲ. ಹಸಿವು ಅಂತಲೂ ಇಲ್ಲ.

1997ರಲ್ಲಿ ಅಲ್ಲಿನ ರಾಷ್ಟ್ರೀಯ ವಿಚಾರಣಾ ವರದಿ ಹೊರಗೆ ಬಂತು. 1910ರಿಂದ 1970ರವರೆಗೆ ಮೂಲನಿವಾಸಿಗಳ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರಿಂದ ಹಿಡಿದು ಮೂರಕ್ಕೆ ಒಬ್ಬರವರೆಗೆ ಹೀಗೆ ಬೇರೆಯಾಗಿದ್ದಾರೆ ಅಂತ ಅದರ ಅಂದಾಜು. ಆದರೆ ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕ ಅಲ್ಲ, ಒಂದು ಸಾಕ್ಷಿ. ಮಗುವಾಗಿದ್ದಾಗಲೇ ಅಮ್ಮನಿಂದ ಬೇರೆಯಾದ ಒಬ್ಬರು ದೊಡ್ಡವರಾದ ಮೇಲೆ ತಮ್ಮ ಫೈಲು ನೋಡುತ್ತಾರೆ. ಅದರೊಳಗೆ ಅಮ್ಮ ಬರೆದ ಕಾಗದಗಳು. ಫೋಟೋಗಳು. ಹುಟ್ಟುಹಬ್ಬದ ಕಾರ್ಡುಗಳು. ಆಕೆ ವರ್ಷಗಟ್ಟಲೆ ಬರೆದಿದ್ದಳು, ಕಳಿಸಿದ್ದಳು. ಒಂದೂ ಮಗನ ಕೈ ಸೇರಿರಲಿಲ್ಲ. ಎಲ್ಲವನ್ನೂ ಜೋಪಾನವಾಗಿ ಫೈಲಿಗೆ ಸೇರಿಸಿದ್ದರು.

ಇದನ್ನು ಓದಿದ ಮೇಲೆ 'ಆ ಜನರಿಗೆ ಮಕ್ಕಳ ಮೇಲೆ ಅಷ್ಟು ಪ್ರೀತಿ ಇಲ್ಲ' ಅನ್ನುವ ಮಾತು ಎಲ್ಲಿಂದ ಹುಟ್ಟಿತು ಅಂತ ನನಗೆ ಅರ್ಥ ಆಯಿತು. ಪ್ರೀತಿಗೆ ಇದ್ದ ಪುರಾವೆ ಇಲಾಖೆಯ ಕಪಾಟಿನಲ್ಲಿತ್ತು. ಮಗುವಿಗೂ ಕಾಣಲಿಲ್ಲ, ಊರಿಗೂ ಕಾಣಲಿಲ್ಲ. ಅಮ್ಮ ಮರೆತುಬಿಟ್ಟಳು ಅಂತಲೇ ಆ ಮಗು ಬೆಳೆಯಿತು. ಹಾಗೆ ಬೆಳೆದವರೇ ಮುಂದೆ ಅಪ್ಪ ಅಮ್ಮ ಆದರು. ಅವರ ಮನೆಯೊಳಗೆ ಆ ನೋವು ಹೇಗೆ ಕೂತಿತು ಅನ್ನುವುದನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ?

ವರದಿಗಳ ವಿಷಯಕ್ಕೆ ಬರುತ್ತೇನೆ. 1965ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯಲ್ಲಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಕಪ್ಪು ಜನರ ಕುಟುಂಬಗಳ ಬಗ್ಗೆ ಒಂದು ವರದಿ ಬರೆದರು. ಗುಲಾಮಗಿರಿಯ ಮಾತು ಅದರಲ್ಲಿತ್ತು, ನಿರುದ್ಯೋಗದ ಮಾತೂ ಇತ್ತು. ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಆದರೆ ಜನರ ಬಾಯಲ್ಲಿ ಉಳಿದದ್ದು ಒಂದೇ: ಆ ಸಂಸಾರಗಳೇ ಸರಿಯಿಲ್ಲ, ಮನೆಯಲ್ಲಿ ಗಂಡಸು ನಿಲ್ಲುವುದಿಲ್ಲ, ಎಲ್ಲ ತೊಂದರೆಗೂ ಅದೇ ಮೂಲ. ಆರು ದಶಕ ಕಳೆದರೂ ಈ ಮಾತು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಸಮುದಾಯಗಳ ಮೇಲೆ ಹಾಗೇ ಓಡಾಡುತ್ತಿದೆ.

ಹಾಗಾದರೆ ಆ ಗಂಡಸು ಎಲ್ಲಿ ಹೋದ ಅಂತ ಹಿಂದಕ್ಕೆ ಹೋಗಿ ನೋಡೋಣ. 1662ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಮಗು ಗುಲಾಮನೋ ಸ್ವತಂತ್ರನೋ ಅನ್ನುವುದನ್ನು ಅಮ್ಮನ ಸ್ಥಿತಿ ನೋಡಿ ತೀರ್ಮಾನ ಮಾಡಬೇಕು. ಅಲ್ಲಿಗೆ ಅಪ್ಪನನ್ನು ಕಾನೂನು ಮನೆಯಿಂದ ಹೊರಗೆ ಹಾಕಿತು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಮದುವೆ ಮಾಡಿಸುವ ಪಾದ್ರಿ 'ಸಾವು ಅಥವಾ ದೂರ ನಿಮ್ಮನ್ನು ಬೇರೆ ಮಾಡುವವರೆಗೆ' ಅಂತ ಹೇಳಿಸಿದ್ದೂ ಉಂಟು. ದೂರ ಅಂದರೆ ಮಾರಾಟ. 1790ರಿಂದ 1860ರೊಳಗೆ ಸುಮಾರು ಹತ್ತು ಲಕ್ಷ ಜನರನ್ನು ವರ್ಜೀನಿಯಾದಂಥ ಮೇಲಿನ ರಾಜ್ಯಗಳಿಂದ ಇನ್ನೂ ದಕ್ಷಿಣದ ಹತ್ತಿ, ಕಬ್ಬಿನ ಹೊಲಗಳ ಕಡೆ ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಕೂಸು ಇನ್ನೊಂದು ಕಡೆ.

ಅಷ್ಟಾದರೂ ಅವರು ಸುಮ್ನೆ ಕೂರಲಿಲ್ಲ. ಹರ್ಬರ್ಟ್ ಗಟ್‌ಮನ್ ಅನ್ನುವ ಇತಿಹಾಸಕಾರರು ಮಾಲೀಕರು ಇಟ್ಟಿದ್ದ ಹುಟ್ಟಿನ ಲೆಕ್ಕದ ಪುಸ್ತಕಗಳನ್ನೇ ತೆಗೆದು ಓದಿದರು. ಯಾರಿಗೆ ಯಾವ ಹೆಸರಿಟ್ಟಿದ್ದಾರೆ ಅಂತ ಜೋಡಿಸುತ್ತಾ ಹೋದರು. ಮಗನಿಗೆ ಅಪ್ಪನ ಹೆಸರು ಇಟ್ಟದ್ದು ಮತ್ತೆ ಮತ್ತೆ ಕಾಣಿಸಿತು. ಮಗಳಿಗೆ ಅಮ್ಮನ ಹೆಸರು ಇಡುವುದು ಅಪರೂಪ. ಯೋಚನೆ ಮಾಡಿ. ಅಮ್ಮ ಮಗುವಿನ ಜೊತೆ ಉಳಿಯಬಹುದು, ಅಪ್ಪ ಯಾವತ್ತು ಮಾರಾಟ ಆಗುತ್ತಾನೋ ಗೊತ್ತಿಲ್ಲ. ಅವನ ಹೆಸರಾದರೂ ಮನೆಯಲ್ಲಿ ಇರಲಿ ಅಂತ ಹಾಗೆ ಮಾಡಿರಬೇಕು ಅನ್ನಿಸುತ್ತದೆ. ಅಜ್ಜನ ಹೆಸರು, ಸೋದರಮಾವನ ಹೆಸರು, ತೀರಿಹೋದ ಅಣ್ಣನ ಹೆಸರು, ಎಲ್ಲವೂ ಮುಂದಿನ ತಲೆಮಾರಿಗೆ ದಾಟಿವೆ. ದನಕರುಗಳ ಲೆಕ್ಕದ ಪಕ್ಕದಲ್ಲೇ ಇಟ್ಟ ಪುಸ್ತಕದಲ್ಲಿ ಒಂದು ಪೂರ್ತಿ ವಂಶಾವಳಿ ಅಡಗಿತ್ತು.

1865ರಲ್ಲಿ ಬಿಡುಗಡೆ ಆದ ಮೇಲೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ತಮ್ಮವರನ್ನು ಹುಡುಕುವುದು. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ನ್ಯೂ ಆರ್ಲಿಯನ್ಸ್‌ನ ಒಂದು ಚರ್ಚ್ ಪತ್ರಿಕೆಯಲ್ಲಿ 'ಕಳೆದುಹೋದ ಗೆಳೆಯರು' ಅನ್ನುವ ಅಂಕಣವೇ ಇತ್ತು. ಚಂದಾದಾರರಲ್ಲದವರಿಗೆ ಒಂದು ಜಾಹೀರಾತಿಗೆ 50 ಸೆಂಟು. ಇದನ್ನು ಭಾನುವಾರ ಪ್ರಾರ್ಥನೆಯ ವೇದಿಕೆಯಿಂದ ಓದಿ ಹೇಳಿ ಅಂತ ಪತ್ರಿಕೆ ಪಾದ್ರಿಗಳನ್ನು ಕೇಳಿಕೊಳ್ಳುತ್ತಿತ್ತು, ಏಕೆಂದರೆ ಓದು ಬಾರದವರೇ ಜಾಸ್ತಿ. ಆ ಜಾಹೀರಾತುಗಳನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅಮ್ಮನ ಹೆಸರು ಒಂದು ಸಲ ಬರುತ್ತದೆ, ಮಾಲೀಕರ ಹೆಸರು ಮೂರು ನಾಲ್ಕು. ನಾವು ಇಂಥವರ ಹತ್ತಿರ ಇದ್ದೆವು, ಅವರು ಇಂಥವರಿಗೆ ಮಾರಿದರು, ಆಮೇಲೆ ಇಂಥ ವ್ಯಾಪಾರಿ ಅಮ್ಮನನ್ನು ಇಂಥ ಊರಿಗೆ ಒಯ್ದ. ಕೊಂಡವರ ಹೆಸರು ಬಿಟ್ಟರೆ ಅಮ್ಮನ ದಾರಿ ಹಿಡಿಯಲು ಬೇರೆ ಗುರುತೇ ಇರಲಿಲ್ಲ. ಬಿಡುಗಡೆಯಾಗಿ ಇಪ್ಪತ್ತು, ಮೂವತ್ತು ವರ್ಷ ಕಳೆದ ಮೇಲೂ ಜನ ಹೀಗೆ ಹುಡುಕುತ್ತಿದ್ದರು.

ಇವತ್ತಿನ ಮೊಮ್ಮಕ್ಕಳ ಹುಡುಕಾಟವೂ ಹಾಗೇ ಇದೆ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆ ಪಟ್ಟಿ. ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಹೆಣ್ಣೋ ಗಂಡೋ, ಮೈಬಣ್ಣ. ಹೆಸರು ಇಲ್ಲ. 1870ರ ಗಣತಿಯಲ್ಲಿ ಮೊದಲ ಸಲ ಎಲ್ಲರ ಹೆಸರೂ ಬಂತು. ವಂಶ ಹುಡುಕುವವರು ಆ ಇಸವಿಯನ್ನು ಗೋಡೆ ಅಂತಲೇ ಕರೆಯುತ್ತಾರೆ. ಆ ಗೋಡೆ ದಾಟಲು ಮಾಲೀಕರ ಮನೆತನದ ಲೆಕ್ಕ ಪುಸ್ತಕ, ಉಯಿಲು, ಮಾರಾಟದ ಚೀಟಿ ಬೇಕು. ಅವು ಇನ್ನೂ ಖಾಸಗಿ ಮನೆಗಳ ಅಟ್ಟದಲ್ಲಿ, ವಿಶ್ವವಿದ್ಯಾಲಯಗಳ ಪೆಟ್ಟಿಗೆಗಳಲ್ಲಿ ಇವೆ. ಪಟ್ಟಿ ಆಗದೆ ಬಿದ್ದಿರುವ ಪೆಟ್ಟಿಗೆ ನಿಮ್ಮಲ್ಲೂ ಇರಬಹುದು. ದಯವಿಟ್ಟು ತೆಗೆದು ನೋಡಿ.

ಮಕ್ಕಳನ್ನು ಎತ್ತಿಕೊಂಡು ಹೋಗದೆಯೂ ಸಂಸಾರ ಒಡೆಯಬಹುದು. ಅದಕ್ಕೆ ಗಡಿಯಲ್ಲಿ ಕೂತ ಒಬ್ಬ ಗುಮಾಸ್ತ ಸಾಕು. ಅಮೆರಿಕ 1875ರ ಕಾನೂನಿನಿಂದ ಚೀನೀ ಹೆಂಗಸರು ಬರುವುದನ್ನು ಹೆಚ್ಚುಕಡಿಮೆ ತಡೆಯಿತು. 1882ರಲ್ಲಿ ಕೂಲಿಕಾರರಿಗೂ ಬಾಗಿಲು ಹಾಕಿತು. ಒಳಗೆ ಇದ್ದ ಗಂಡಸರು ಇದ್ದಲ್ಲೇ ಉಳಿದರು, ಹೆಂಡತಿ ಮಕ್ಕಳು ಸಮುದ್ರದ ಆಚೆ. ಚೀನೀಯರ ಕೇರಿಗಳು ದಶಕಗಳ ಕಾಲ ಬರೀ ಗಂಡಸರ ಕೇರಿಗಳಾಗಿದ್ದವು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಬೆಂಕಿಯಲ್ಲಿ ಜನನ ದಾಖಲೆಗಳು ಸುಟ್ಟುಹೋದವು. 'ನಾನು ಇಲ್ಲೇ ಹುಟ್ಟಿದವನು' ಅಂತ ಹೇಳಿಕೊಳ್ಳಲು ದಾರಿ ಆಯಿತು. ನಾಗರಿಕನ ಮಗನಿಗೆ ಒಳಗೆ ಬರುವ ಹಕ್ಕಿತ್ತು. ಹಾಗಾಗಿ ಇನ್ನೊಬ್ಬರ ಮಗ ಅಂತ ಕಾಗದ ಕೊಂಡು ಹುಡುಗರು ಬಂದರು. ಅವರನ್ನು ಕಾಗದದ ಮಕ್ಕಳು ಅಂತ ಕರೆದರು.

ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಏಂಜೆಲ್ ದ್ವೀಪದಲ್ಲಿ 1910ರಿಂದ 1940ರವರೆಗೆ ವಲಸೆ ಬರುವವರ ಒಂದು ತನಿಖಾ ಠಾಣೆ ಇತ್ತು. ಹುಡುಗನನ್ನು ಕೂರಿಸಿ ಕೇಳುತ್ತಿದ್ದರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಡಬ್ಬ ಎಲ್ಲಿಡುತ್ತೀರಿ? ಎರಡನೇ ಸಾಲಿನ ಮೂರನೇ ಮನೆ ಯಾರದ್ದು? ಅಪ್ಪ ಅಂತ ಹೇಳಿಕೊಂಡವನಿಗೂ ಇದೇ ಪ್ರಶ್ನೆ. ಉತ್ತರ ತಾಳೆ ಆಗದಿದ್ದರೆ ವಾಪಸ್ಸು. ಅದಕ್ಕೇ ಹುಡುಗರು ಹಡಗಿನಲ್ಲಿ ಇಂಥ ಉತ್ತರಗಳ ಒಂದು ಪುಸ್ತಕ ಬಾಯಿಪಾಠ ಮಾಡಿ, ದಡ ಬರುವ ಮುಂಚೆ ನೀರಿಗೆ ಎಸೆಯುತ್ತಿದ್ದರು. ನಿಜವಾದ ಮಗನೂ ಬಾಯಿಪಾಠ ಮಾಡಬೇಕಿತ್ತು. ತನ್ನ ಮನೆಯ ಮೆಟ್ಟಿಲು ಎಷ್ಟು ಅಂತ ಯಾರು ಎಣಿಸಿರುತ್ತಾರೆ ಹೇಳಿ?

ಒಳಗೆ ಬಂದ ಮೇಲೂ ಆ ಸುಳ್ಳು ಹೆಸರಿನಲ್ಲೇ ಬದುಕಬೇಕಾಯಿತು. ಶಾಲೆಗೆ ಒಂದು ಹೆಸರು, ಮನೆಯೊಳಗೆ ಇನ್ನೊಂದು. 'ಹೊರಗೆ ಯಾರ ಹತ್ತಿರವೂ ಹೇಳಬೇಡ' ಅಂತ ಮಕ್ಕಳಿಗೆ ಎಚ್ಚರಿಕೆ. 1956ರಿಂದ ಸರ್ಕಾರ ತಪ್ಪೊಪ್ಪಿಗೆಯ ಯೋಜನೆ ತಂದಿತು: ಸುಳ್ಳು ಹೆಸರು ಒಪ್ಪಿಕೊಂಡು ಕಾಗದ ಸರಿ ಮಾಡಿಸಿಕೊಳ್ಳಬಹುದು. ಒಬ್ಬರು ಒಪ್ಪಿಕೊಂಡರೆ ಅದೇ ಕಾಗದದಲ್ಲಿ ಬಂದ ಅಣ್ಣ, ತಮ್ಮ, ಚಿಕ್ಕಪ್ಪ ಎಲ್ಲರ ಗುಟ್ಟೂ ಬಯಲು. ಹೇಳೋಣವೋ ಬೇಡವೋ ಅಂತ ಮನೆ ಮನೆಯಲ್ಲೂ ಕಲಹ. ಕೆಲವರ ಸಮಾಧಿ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ಕಾಗದದ ಹೆಸರು, ಚೀನೀ ಅಕ್ಷರದಲ್ಲಿ ಹುಟ್ಟಿದ ಮನೆತನದ ಹೆಸರು. ಅಂದಿನ ವಿಚಾರಣೆಯ ಪ್ರಶ್ನೋತ್ತರಗಳು ಅಮೆರಿಕದ ರಾಷ್ಟ್ರೀಯ ದಾಖಲಾಗಾರದಲ್ಲಿ ಇವೆ. ಮೊಮ್ಮಕ್ಕಳು ಹೋಗಿ ಓದುತ್ತಿದ್ದಾರೆ. ಅಜ್ಜ ಯಾಕೆ ಯಾವತ್ತೂ ಊರಿನ ಮಾತೇ ಎತ್ತಲಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲಿ ಸಿಗುತ್ತಿದೆ. ಇಂಥದ್ದು ಎಲ್ಲ ಕಡೆ ಆಗಲಿ ಅನ್ನುವುದೇ ನನ್ನ ಬೇಡಿಕೆ.

ಕೆನಡಾದ ಮಾತು ಇದಕ್ಕಿಂತ ಹತ್ತಿರದ್ದು, ಏಕೆಂದರೆ ಅದು ಮುಗಿದಿಲ್ಲ. ಮನೆಮಾತು, ಪದ್ಧತಿ ಬಿಡಿಸಲು ಅಲ್ಲಿ ಸರ್ಕಾರವೂ ಚರ್ಚುಗಳೂ ನಡೆಸಿದ ವಸತಿ ಶಾಲೆಗಳಿಗೆ ಮೂಲನಿವಾಸಿಗಳ 1,50,000ಕ್ಕೂ ಹೆಚ್ಚು ಮಕ್ಕಳು ಹೋದರು. 1920ರ ಕಾನೂನು ಮಕ್ಕಳನ್ನು ಕಳಿಸುವುದನ್ನು ಕಡ್ಡಾಯ ಮಾಡಿತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಒಂದೇ ಶಾಲೆಯಲ್ಲಿದ್ದ ಅಣ್ಣ ತಂಗಿಗೂ ಮಾತಾಡಲು ಬಿಡುತ್ತಿರಲಿಲ್ಲ. ಮನೆಮಾತು ಆಡಿದರೆ ಏಟು. ಅಲ್ಲಿನ ಹಿಂಸೆಯ ಬಗ್ಗೆ ತುಂಬಾ ಜನ ಬರೆದಿದ್ದಾರೆ. ನಾನು ಹೇಳಬೇಕಾದದ್ದು ಒಂದು ಸಣ್ಣ ವಿಷಯ. ಮಗುವನ್ನು ಹೇಗೆ ಎತ್ತಿಕೊಳ್ಳಬೇಕು, ಅತ್ತರೆ ಏನು ಮಾಡಬೇಕು, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಹೇಗೆ ಕೂರಬೇಕು ಅನ್ನುವುದನ್ನು ನಾವು ಯಾರೂ ಪುಸ್ತಕದಿಂದ ಕಲಿತಿಲ್ಲ. ನಮಗೆ ಯಾರೋ ಮಾಡಿದ್ದರು, ನಾವು ಮಾಡುತ್ತೇವೆ, ಅಲ್ವಾ? ಆರು ವರ್ಷಕ್ಕೆ ಮನೆ ಬಿಟ್ಟು ಹದಿನಾರಕ್ಕೆ ಹೊರಗೆ ಬಂದವಳಿಗೆ ಅದನ್ನು ಯಾರು ಮಾಡಿದ್ದರು? ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಮಲಗಿದ ಹುಡುಗಿ ಅವಳು. ತನ್ನ ಕೂಸನ್ನು ಅಪ್ಪಿಕೊಳ್ಳಲು ಆಕೆ ಹಿಂಜರಿದರೆ, ಬಾಗಿಲಲ್ಲಿ ನಿಂತ ಸಮಾಜ ಕಲ್ಯಾಣದ ಅಧಿಕಾರಿ 'ಮಗುವಿನ ಮೇಲೆ ಅಕ್ಕರೆ ಇಲ್ಲ' ಅಂತ ಬರೆದುಕೊಂಡ. ಆ ಮಗುವೂ ಬೇರೆ ಮನೆಗೆ ಹೋಯಿತು.

ಶಾಲೆಗಳು ಖಾಲಿಯಾಗುತ್ತಾ ಬಂದಂತೆ, ಹೀಗೆ ಬೇರೆ ಮಾಡಿದ ಮಕ್ಕಳನ್ನು ಇಡುವ ಸಾಕುಮನೆಗಳು ತುಂಬಿದವು. 2021ರ ಜನಗಣತಿಯಲ್ಲಿ ಕೆನಡಾದ ಹದಿನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7. ಸಾಕುಮನೆಯಲ್ಲಿದ್ದ ಆ ವಯಸ್ಸಿನ ಮಕ್ಕಳಲ್ಲಿ ಅವರು ಶೇ. 53.8. ವಸತಿ ಶಾಲೆಗಳ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಕೊಟ್ಟ ಬೇಡಿಕೆಗಳ ಪಟ್ಟಿಯಲ್ಲಿ ಮೊದಲನೆಯದೇ ಈ ಮಕ್ಕಳ ಸಂಖ್ಯೆ ಕಡಿಮೆ ಮಾಡಿ ಅನ್ನುವುದು. ಅದನ್ನು ಮೊದಲಿಗೆ ಇಟ್ಟವರಿಗೆ ನಾನು ಕೈ ಮುಗಿಯುತ್ತೇನೆ.

ಅದೇ ದೇಶದ ಉತ್ತರದಲ್ಲಿ ಇನ್ಯೂಟ್ ಜನರಿದ್ದಾರೆ. ಅವರಲ್ಲಿ ತೀರಿಹೋದ ಹಿರಿಯರ ಹೆಸರನ್ನು ಹುಟ್ಟಿದ ಕೂಸಿಗೆ ಇಡುತ್ತಾರೆ. ಹೆಸರಿನ ಜೊತೆ ನಂಟೂ ಬರುತ್ತದೆ. ತನ್ನ ಅಪ್ಪನ ಹೆಸರಿಟ್ಟ ಮಗಳನ್ನು ತಾಯಿ 'ಅಪ್ಪ' ಅಂತಲೇ ಕರೆಯಬಹುದು. ಅಧಿಕಾರಿಗಳಿಗೆ ಈ ಹೆಸರುಗಳನ್ನು ಬರೆದುಕೊಳ್ಳುವುದು ಕಷ್ಟ ಆಯಿತು. 1941ರಿಂದ ಪ್ರತಿಯೊಬ್ಬರಿಗೂ ನಂಬರಿನ ಒಂದು ಬಿಲ್ಲೆ ಕೊಟ್ಟರು, ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು ಒಂದು ತೂತಿನ ಸಮೇತ. ಪೂರ್ವದವರಿಗೆ ಒಂದು ಅಕ್ಷರ, ಪಶ್ಚಿಮದವರಿಗೆ ಒಂದು ಅಕ್ಷರ. ಇದು 1970ರ ದಶಕದವರೆಗೂ ನಡೆಯಿತು. ನಂಬರಿಗೆ ನಂಟು ಇರುವುದಿಲ್ಲ. ಆ ಕಾಲದ ದಾಖಲೆಗಳಲ್ಲಿ ನಂಬರಿನ ಪಕ್ಕ ಜನ ಹೇಳುವ ಹೆಸರನ್ನು ಸೇರಿಸುವ ಕೆಲಸ ಇನ್ನೂ ಎಷ್ಟೋ ಬಾಕಿ ಇದೆ.

ಭಾರತದ ಬಗ್ಗೆಯೂ ಒಂದು ಮಾತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾನೂನು ಹುಟ್ಟಿನಿಂದಲೇ ಇಡೀ ಸಮುದಾಯಗಳನ್ನು ಕಳ್ಳರು ಅಂದಿತು. 1897ರ ತಿದ್ದುಪಡಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಇಡುವ ಅಧಿಕಾರವನ್ನೂ ಕೊಟ್ಟಿತು. ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳಲ್ಲಿ ಆ ಜನರನ್ನು ಕೂಡಿಹಾಕಿದ ತಂತಿ ಬೇಲಿಯ ಸೆಟ್ಲಮೆಂಟುಗಳಿದ್ದವು. ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. 1952ರಲ್ಲಿ ಕಾನೂನು ಹೋಯಿತು. ಆ ಹಾಜರಿ ಪುಸ್ತಕಗಳು ಎಲ್ಲಿವೆ, ಯಾರು ನೋಡಬಹುದು ಅಂತ ಆ ಕುಟುಂಬಗಳಿಗೆ ತಿಳಿಸುವ ಜವಾಬ್ದಾರಿ ಸರ್ಕಾರದ್ದು.

ಬಾಗಿಲು ತೆರೆದುಬಿಡಿ ಅಂತ ಹೇಳುವುದು ಸುಲಭ. ಒಳಗೆ ಇರುವುದು ಏನು ಅಂತಲೂ ನೋಡಬೇಕು. ಸ್ವಿಟ್ಜರ್ಲೆಂಡಿನಲ್ಲಿ 1926ರಿಂದ 1973ರವರೆಗೆ ಯೆನಿಷ್ ಅನ್ನುವ ಅಲೆಮಾರಿ ಸಮುದಾಯದ ಸುಮಾರು 600 ಮಕ್ಕಳನ್ನು ಒಂದು ಮಕ್ಕಳ ಸಂಸ್ಥೆ ಬೇರೆ ಮಾಡಿತು. ಅಲೆದಾಟ ಬಿಡಿಸುವುದೇ ಅದರ ಗುರಿಯಾಗಿತ್ತು. 1972ರಲ್ಲಿ ಒಂದು ಪತ್ರಿಕೆ ಇದನ್ನು ಬಯಲು ಮಾಡಿತು. 1986ರಲ್ಲಿ ದೇಶದ ಅಧ್ಯಕ್ಷರು ಕ್ಷಮೆ ಕೇಳಿದರು. ಫೈಲುಗಳು ಬರ್ನ್‌ನ ದಾಖಲಾಗಾರಕ್ಕೆ ಹೋದವು, ನೊಂದವರಿಗೆ ತಮ್ಮದನ್ನು ನೋಡಲು ಅವಕಾಶ ಸಿಕ್ಕಿತು. ಓದಿದರೆ ಒಳಗೆ ತಮ್ಮ ತಂದೆತಾಯಿಯ ಬಗ್ಗೆ ಕೀಳು ಮಾತುಗಳು. ಇಂಥ ಫೈಲನ್ನು ಒಬ್ಬರ ಕೈಗೆ ಕೊಟ್ಟು 'ಸಹಿ ಮಾಡಿ ಹೊರಡಿ' ಅಂದರೆ ಅದು ಇನ್ನೊಂದು ಪೆಟ್ಟು. ಪಕ್ಕದಲ್ಲಿ ಕೂರಲು ಒಬ್ಬರು ಬೇಕು. ಸುಳ್ಳು ಅಂತ ಕಂಡ ಸಾಲಿನ ಎದುರಿಗೆ ತಮ್ಮ ಮಾತು ಬರೆದು ಸೇರಿಸುವ ಹಕ್ಕು ಬೇಕು. ಆ ಮಾತೂ ಫೈಲಿನ ಜೊತೆ ಶಾಶ್ವತವಾಗಿ ಇರಬೇಕು.

ಎಲ್ಲರಿಗೂ ತೋರಿಸುವ ಹಕ್ಕು ನಿಮಗಿಲ್ಲ ಅನ್ನುವುದೂ ಅಷ್ಟೇ ಮುಖ್ಯ. ವಸತಿ ಶಾಲೆಗಳಲ್ಲಿ ಆದ ದೌರ್ಜನ್ಯದ ಬಗ್ಗೆ ಪರಿಹಾರ ಕೇಳಿ ಸುಮಾರು 38,000 ಜನ ಕೊಟ್ಟ ಅರ್ಜಿಗಳ, ಹೇಳಿಕೆಗಳ ವಿಷಯ ಕೆನಡಾದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹೇಳಿಕೆ ಉಳಿಯಬೇಕೋ ನಾಶ ಆಗಬೇಕೋ ಅನ್ನುವುದನ್ನು ಹೇಳಿದವರೇ ತೀರ್ಮಾನಿಸಲಿ ಅಂತ 2017ರಲ್ಲಿ ಕೋರ್ಟು ಹೇಳಿತು. ಉಳಿಸಿ ಅಂತ ಕೇಳಿಕೊಳ್ಳಲು 2027ರ ಸೆಪ್ಟೆಂಬರ್‌ವರೆಗೆ ಸಮಯ ಇದೆ. ಆಮೇಲೆ ಉಳಿದವು ನಾಶ. ಇತಿಹಾಸ ಓದುವವನಾಗಿ ನನಗೆ ಸಂಕಟ ಆಗುತ್ತದೆ. ಆದರೂ ಕೋರ್ಟು ಸರಿಯಾದದ್ದನ್ನೇ ಹೇಳಿದೆ ಅಂತ ನಂಬುತ್ತೇನೆ. ನಿಮ್ಮ ಕೆಲಸ ಆ ಆಯ್ಕೆಯ ಸುದ್ದಿಯನ್ನು ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲೇ ಮುಟ್ಟಿಸುವುದು. ಒಂದು ನೋಟಿಸು ಹಾಕಿ ಕೈ ತೊಳೆದುಕೊಳ್ಳಬೇಡಿ.

ವರದಿ ಬರೆಯುವವರಲ್ಲಿ ಒಂದು ವಿನಂತಿ. ಮುಂದಿನ ಸಲ ಒಂದು ಸಮುದಾಯದ ಮನೆಗಳಲ್ಲಿ ಅಪ್ಪ ಇಲ್ಲ, ಮಕ್ಕಳು ಸಾಕುಮನೆಯಲ್ಲಿದ್ದಾರೆ, ಹಿರಿಯರು ಮಾತೇ ಆಡುವುದಿಲ್ಲ ಅಂತ ಬರೆಯುವಾಗ, ಅದೇ ಪುಟದಲ್ಲಿ ಆ ಕಾನೂನಿನ ಹೆಸರು ಮತ್ತು ಇಸವಿಯನ್ನೂ ಬರೆಯಿರಿ. ಅಡಿಟಿಪ್ಪಣಿಗೆ ತಳ್ಳಬೇಡಿ. ಆ ಮನೆಗಳನ್ನು ಕಟ್ಟಿ ನಿಲ್ಲಿಸಿದ ಅಜ್ಜಿಯರು, ಅತ್ತೆಯರು, ಸ್ವಂತ ಮಕ್ಕಳಲ್ಲದವರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ ನೆರೆಯವರು ಇದ್ದಾರೆ. ಅವರನ್ನೂ ಎಣಿಸಿ.

ದಾಖಲೆ ಇಟ್ಟುಕೊಂಡವರಿಗೆ ಉಳಿದ ಮಾತು ಸಮಯದ್ದು. 1960ರ ದಶಕದಲ್ಲಿ ಮಗುವಾಗಿ ಬೇರೆಯಾದವರಿಗೆ ಈಗ ಅರವತ್ತರ ಆಸುಪಾಸು, ಕೆಲವರಿಗೆ ಎಪ್ಪತ್ತು. ಅವರ ತಾಯಂದಿರು ಇದ್ದರೆ ಎಂಬತ್ತು, ತೊಂಬತ್ತು. ನಿಮ್ಮ ಕಚೇರಿಗೆ ಬಂದ ಅರ್ಜಿಗಳಲ್ಲಿ ವಯಸ್ಸಾದವರದ್ದನ್ನು ಮೊದಲು ತೆಗೆದುಕೊಳ್ಳಿ. ಹುಡುಕಿದ್ದಕ್ಕೆ ಫೀಸು ಕೇಳಬೇಡಿ. ಅಮ್ಮನ ಹೆಸರಿನ ಮೇಲೆ ಕಪ್ಪು ಮಸಿ ಬಳಿದ ಪ್ರತಿ ಕೊಡಬೇಡಿ. ಫೈಲಿನೊಳಗೆ ಕಾಗದ, ಫೋಟೋ, ಹುಟ್ಟುಹಬ್ಬದ ಕಾರ್ಡು ಇದ್ದರೆ ಅದರ ಜೆರಾಕ್ಸ್ ನೀವು ಇಟ್ಟುಕೊಳ್ಳಿ. ಮೂಲ ಪ್ರತಿಯನ್ನು ಅವರಿಗೆ ಕೊಡಿ. ಅದನ್ನು ಬರೆದದ್ದು ಅವರಿಗೆ.